ದಾಕ್ಷಾಯಣಿ ಸುತ್ತಿದ ಸುರುಳಿ

ನಾನು ಒಂದು ಕರೆಂಟಿನ ಕುಲುಮೆ. ಇದ್ದಿಲು ಬೇಡ, ತಿದಿ ಬೇಡ, ಹೊಗೆಯಂತೂ ಇಲ್ಲವೇ ಇಲ್ಲ. ಗುಂಡಿ ಒತ್ತಿದರೆ ಸಾಕು, ನನ್ನ ಹೊಟ್ಟೆಯೊಳಗೆ ಉಕ್ಕು ಕೆಂಪಾಗುತ್ತದೆ. ಹೊರಗಿನಿಂದ ನೋಡಿದವರು ನನ್ನನ್ನು ಹಳೆಯ ತಿಜೋರಿ ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ, ನನಗೇನು! ಬಾಗಿಲು ತೆರೆದು ಮುಖ ಒಡ್ಡಿದವರು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರಲ್ಲ, ಆಗ ನಾನು ಯಾರೆಂದು ತಿಳಿದುಬಿಡುತ್ತದೆ.

ನಾನು ಹುಟ್ಟಿದ್ದು ಬೆಳಗಾವಿಯ ಉದ್ಯಮಬಾಗದ ಒಂದು ತಗಡಿನ ಶೆಡ್ಡಿನಲ್ಲಿ. ಕಟ್ಟಿದವರು ಶಂಭಯ್ಯ ಹಿರೇಮಠರು. ಜಂಗಮರಾದ್ದರಿಂದ ಗಿರಾಕಿಗಳೆಲ್ಲ ಅವರನ್ನು ಅಯ್ಯನವರು ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ, ಹಣೆ ತುಂಬ ವಿಭೂತಿ, ಆಮೇಲೆ ಸಂಜೆಯ ತನಕ ಕೈತುಂಬ ಇಟ್ಟಿಗೆಯ ಪುಡಿ. ಶೆಡ್ಡಿನ ಹಿಂಬಾಗಿಲು ತೆರೆದರೆ ಅವರ ಮನೆ. ಹೆಂಡತಿ ಎಂದೋ ತೀರಿಕೊಂಡಿದ್ದರು. ಇದ್ದ ಒಬ್ಬನೇ ಮಗ ಗುರುಸಿದ್ಧ, ತಂತಿಯ ಸುರುಳಿ ಸುತ್ತುವುದರಲ್ಲಿ ಅಪ್ಪನನ್ನೇ ಮೀರಿಸಿದವನು, ಹಿಂದಿನ ಚಳಿಗಾಲದಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟಿದ್ದ. ಮನೆಯಲ್ಲಿ ಉಳಿದವರು ಅಯ್ಯನವರು ಮತ್ತು ಸೊಸೆ ದಾಕ್ಷಾಯಣಿ, ಇಬ್ಬರೇ.

ದಾಕ್ಷಾಯಣಿಯ ಅಣ್ಣ ರೇವಣಯ್ಯ ಗೋಕಾಕದವನು. ಕೆಟ್ಟವನಲ್ಲ, ತಂಗಿಯೆಂದರೆ ಜೀವ. ಮಾವ ಸೊಸೆ ಇಬ್ಬರೇ ಒಂದು ಮನೆಯಲ್ಲಿದ್ದರೆ ಜನ ನಾಲ್ಕು ಮಾತಾಡುತ್ತಾರೆ, ಇಲ್ಲಿ ನಿನಗೇನು ಉಳಿದಿದೆ, ನಡೆ ನಮ್ಮ ಮನೆಗೆ ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಅಲ್ಲಿ ಹೋದರೆ ಅತ್ತಿಗೆಯ ಒಲೆಯ ಮುಂದೆ ಒಂದು ಮೂಲೆ ಸಿಗುತ್ತಿತ್ತು, ಎರಡು ಹೊತ್ತಿನ ಊಟ ಸಿಗುತ್ತಿತ್ತು, ಅಷ್ಟೇ. ಇಲ್ಲಿ ಗಂಡ ಕೆಲಸ ಮಾಡಿದ ಜಾಗವಿತ್ತು. ನಾನೂ ಈ ಕೆಲಸ ಕಲಿಯುತ್ತೇನೆ, ನಾಗರಪಂಚಮಿಗೆ ನೀನು ಕರೆಯಲು ಬರುತ್ತೀಯಲ್ಲ, ಅಷ್ಟರೊಳಗೆ ಕೆಲಸ ಕೈಗೆ ಹತ್ತದಿದ್ದರೆ ಗಂಟು ಕಟ್ಟಿಕೊಂಡು ನಿನ್ನ ಹಿಂದೆ ಬಂದುಬಿಡುತ್ತೇನೆ ಎಂದು ಅವಳು ಅಣ್ಣನಿಗೆ ಮಾತು ಕೊಟ್ಟಳು. ಆ ಮಾತಿನ ಮೇಲೆ ಹುಟ್ಟಿದವನು ನಾನು.

ಕುಲುಮೆ ಕಟ್ಟುವುದು ಬಲು ನಾಜೂಕಿನ ಕೆಲಸ, ನನ್ನ ಗಡಸು ಮೈ ನೋಡಿ ಮೋಸ ಹೋಗಬೇಡಿ. ಹೊರಗೆ ತಗಡು, ಅದರೊಳಗೆ ಹಗುರವಾದ ಇಟ್ಟಿಗೆ, ಅದಕ್ಕೂ ಒಳಗೆ ಬೆಂಕಿ ತಾಳುವ ಬಿಳಿ ಇಟ್ಟಿಗೆ. ಆ ಬಿಳಿ ಇಟ್ಟಿಗೆಯಲ್ಲಿ ಕೊರೆದ ಕಾಲುವೆಗಳಲ್ಲಿ ತಂತಿಯ ಸುರುಳಿ ಮಲಗಿರುತ್ತದೆ. ಕರೆಂಟು ಹರಿದರೆ ಕಾಯುವುದು ಅದೇ. ಮೂರು ಗೋಡೆ ಶಾಖವನ್ನು ಹಿಡಿದಿಟ್ಟರೂ ಬಾಗಿಲಿನ ಕಡೆ ಅದು ಸೋರಿಹೋಗುತ್ತದೆ. ಆದ್ದರಿಂದ ಬಾಗಿಲ ಹತ್ತಿರ ಸುರುಳಿಯನ್ನು ಕಡಿಮೆ ಎಳೆದು, ಸುತ್ತುಗಳನ್ನು ಒತ್ತಾಗಿ ಬಿಡಬೇಕು. ಹಾಗೆಂದು ತೀರ ಒತ್ತಾದರೆ ಒಂದರ ಬಿಸಿಗೆ ಇನ್ನೊಂದು ಸುಟ್ಟು ಹರಿಯುತ್ತದೆ. ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದೇ ವಿದ್ಯೆ. ಮಗ ಹೋದ ಮೇಲೆ ಅಯ್ಯನವರ ಕೈ ನಡುಗತೊಡಗಿತ್ತು. ನಡುಗುವ ಕೈಯಲ್ಲಿ ಸುರುಳಿ ಸಮನಾಗಿ ಹಿಗ್ಗುವುದಿಲ್ಲ. ಹೀಗಾಗಿ ನನ್ನ ಸುರುಳಿ ಪೂರ್ತಿ ದಾಕ್ಷಾಯಣಿಯ ಪಾಲಿಗೆ ಬಂತು.

ಎಷ್ಟು ಸಲ ಸುತ್ತಿದಳೋ, ಎಷ್ಟು ಸಲ ಬಿಚ್ಚಿದಳೋ! ಅಯ್ಯನವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು, ಬರಿಗೈಯಲ್ಲಿ ತಂತಿ ಮುಟ್ಟುವಂತಿಲ್ಲ. ಬೆವರಿನ ಉಪ್ಪು ತಂತಿಗೆ ವಿಷ ಎನ್ನುತ್ತಿದ್ದರು. ಮೊದಲ ಸಲ ಕಾಯುವಾಗ ತಂತಿಯ ಮೇಲೆ ಒಂದು ತೆಳುವಾದ ಪೊರೆ ಬೆಳೆಯುತ್ತದೆ, ಅದೇ ಅದರ ಚರ್ಮ, ಮೈಲಿಗೆಯಿದ್ದ ಕಡೆ ಆ ಚರ್ಮ ಬೆಳೆಯುವುದಿಲ್ಲ ಎಂದು ತಿಳಿಸಿ ಹೇಳುತ್ತಿದ್ದರು. ದಾಕ್ಷಾಯಣಿ ಬಿಳಿ ಬಟ್ಟೆಯ ಕೈಗವಸು ತೊಟ್ಟು, ತಂತಿಯನ್ನು ಒರೆಸಿ ಒರೆಸಿ ಕೂಸಿಗೆ ಎಣ್ಣೆನೀರು ಹಾಕುವಷ್ಟು ಜೋಪಾನದಿಂದ ನನ್ನೊಳಗೆ ಮಲಗಿಸಿದಳು.

ಮೊದಲ ಸಲ ಕಾಯಿಸುವ ದಿನ ಬಂತು. ಹೊಸ ಕುಲುಮೆಗೆ ಅಯ್ಯನವರು ಯಾವಾಗಲೂ ಹೊರಗಿನ ತಗಡಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಗುಂಡಿ ಒತ್ತುವವರು. ಆ ದಿನ ದಾಕ್ಷಾಯಣಿ ಕಾಯಿ ತರಲು ಮನೆಯೊಳಗೆ ಹೋಗಿದ್ದಳು. ಅಯ್ಯನವರು ನನ್ನ ಬಾಗಿಲು ತೆರೆದು ಒಳಗೆ ಇಣುಕಿದರು. ಆ ಸುರುಳಿಯ ಸಾಲು ನೋಡಿ ಅವರ ಕಣ್ಣು ತುಂಬಿತು. ಸತ್ತ ಮಗನ ಕೈಯೇ ಮರಳಿ ಬಂದಂತೆ ಅನ್ನಿಸಿತೋ ಏನೋ, ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು ಬಾಗಿಲ ಪಕ್ಕದ ಸುರುಳಿಯ ಮೇಲೆಯೇ ಮೂರು ಗೆರೆ ಎಳೆದುಬಿಟ್ಟರು. ಅಯ್ಯೋ ಪುಣ್ಯಾತ್ಮರೇ, ಬೆವರು ಬೇಡ ಎಂದವರು ನೀವೇ ಅಲ್ಲವೇ ಎಂದು ಕೂಗಬೇಕು ಅನ್ನಿಸಿತು. ಕೂಗಲು ನನಗೆ ಬಾಯಿಯೆಲ್ಲಿ! ತಂತಿಗೆ ಬೆವರಾದರೇನು, ಸಗಣಿಯ ಬೂದಿಯಾದರೇನು, ಎರಡೂ ಒಂದೇ. ಆದರೆ ಹುಟ್ಟಿದಾಗಿನಿಂದ ಹಣೆಗೆ ಹಚ್ಚಿಕೊಂಡ ಭಸ್ಮ ಒಂದು ಮೈಲಿಗೆ ಎಂದು ಜಂಗಮರ ತಲೆಗೆ ಹೊಳೆಯುವುದಾದರೂ ಹೇಗೆ? ದಾಕ್ಷಾಯಣಿ ಕಾಯಿ ತರುವಷ್ಟರಲ್ಲಿ ಅವರು ಬಾಗಿಲು ಮುಚ್ಚಿದ್ದರು, ಗುಂಡಿ ಒತ್ತಿದರು, ನಾನು ಕಾದೆ. ಆ ಮೂರು ಜಾಗದಲ್ಲಿ ಮಾತ್ರ ನನಗೆ ಅಂದಿನಿಂದಲೇ ಒಂದು ತುರಿಕೆ ಶುರುವಾಯಿತು.

ನನ್ನನ್ನು ಕೊಂಡವರು ಹುಬ್ಬಳ್ಳಿಯ ದಾವಲಸಾಬ ನದಾಫರು. ಮೇವು ಕತ್ತರಿಸುವ ಯಂತ್ರದ ಅಲಗುಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವುದು ಅವರ ಕೆಲಸ. ಅವರ ಕೈಕೆಳಗಿನವರಿಗೆ ಗೋಡೆಯ ಮೇಲಿನ ತಾಪದ ಮುಳ್ಳು ಎಷ್ಟು ತೋರಿಸಿದರೂ ನಂಬಿಕೆಯಿಲ್ಲ. ಗಳಿಗೆಗೊಮ್ಮೆ ಬಾಗಿಲು ತೆರೆದು ಕೆಂಪು ನೋಡಲೇಬೇಕು. ಅಲಗು ಮಾತ್ರ ಚೆನ್ನಾಗಿ ಬರುತ್ತಿತ್ತು. ಬಾಗಿಲ ಹತ್ತಿರದ್ದು, ಒಳಗಿನದು ಎಂಬ ಭೇದವಿಲ್ಲದೆ ಒಂದೇ ಬಣ್ಣ. ಯಾರ ಕೈಯ ಸುರುಳಿ ಇದು ಎಂದು ದಾವಲಸಾಬರು ಫೋನು ಮಾಡಿ ಕೇಳಿದ್ದರು. ಸೊಸೆಯದು ಎಂದು ಹೇಳುವಾಗ ಅಯ್ಯನವರು ಹಿಗ್ಗಿ ಹೀರೇಕಾಯಿಯಾಗಿರಬೇಕು.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಪಂಚಮಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನನ್ನೊಳಗೆ ಟಪ್ಪೆಂದು ಸದ್ದಾಯಿತು. ಆ ಮೂರು ಗೆರೆಯ ಜಾಗದಲ್ಲಿ ತಂತಿ ಹರಿದು, ನಾನು ತಣ್ಣಗಾದೆ. ಸುರುಳಿ ಬಾಗಿಲ ಕಡೆ ಹರಿದಿದೆ ಎಂದಷ್ಟೇ ದಾವಲಸಾಬರು ಫೋನಿನಲ್ಲಿ ತಿಳಿಸಿದರು. ಬಾಗಿಲ ಕಡೆ ಎಂದರೆ ಅವಳು ಒತ್ತಾಗಿ ಬಿಟ್ಟ ಕಡೆ. ಅಷ್ಟು ಸಾಕಾಯಿತು ದಾಕ್ಷಾಯಣಿಗೆ. ತಾನು ತೀರ ಒತ್ತು ಮಾಡಿಬಿಟ್ಟೆ, ಅದಕ್ಕೇ ಸುಟ್ಟಿತು ಎಂದು ಅವಳು ತೀರ್ಮಾನಿಸಿಬಿಟ್ಟಳು. ಅಯ್ಯನವರಿಗೂ ಬೇರೆ ಏನೂ ಹೊಳೆಯಲಿಲ್ಲ. ಅದೇ ದಿನ ರೇವಣಯ್ಯನೂ ಕರೆಯಲು ಬಂದಿದ್ದ. ಕೊಟ್ಟ ಮಾತು ಮಾತು ಎಂದು ಅವಳು ಸೀರೆಗಳನ್ನು ಗಂಟು ಕಟ್ಟಿದಳು. ನನ್ನನ್ನು ಒಮ್ಮೆ ನೋಡಿ, ಅಲ್ಲಿಂದಲೇ ಗೋಕಾಕದ ಬಸ್ಸು ಹತ್ತುವುದು ಎಂದು ಮೂವರೂ ಹುಬ್ಬಳ್ಳಿಗೆ ಬಂದರು.

ಅವಳು ನನ್ನ ಬಾಗಿಲು ತೆರೆದಾಗ ನನಗೆ ನಾಚಿಕೆಯಾಯಿತು. ಕೈಕೊಟ್ಟವನು ನಾನಲ್ಲವೇ! ಹರಿದ ತುದಿಯನ್ನು ಮುಟ್ಟಲೂ ಇಲ್ಲ, ತಲೆ ತಗ್ಗಿಸಿ ನಿಂತಳು.

"ಒತ್ತಾತು ಮಾವಾರ," ಎಂದಳು. "ನನ್ನ ಕೈಗೆ ಈ ಕೆಲಸ ಒಲಿಯಂಗಿಲ್ಲ. ನಾ ಅಣ್ಣನ ಜೋಡಿ ಹೋಗ್ತೀನ್ರಿ."

ಅಯ್ಯನವರು ಕನ್ನಡಕ ಹಾಕಿಕೊಂಡು, ಬ್ಯಾಟರಿ ಹಿಡಿದು, ನನ್ನ ಹೊಟ್ಟೆಯೊಳಗೆ ತಲೆ ತೂರಿಸಿದರು. ಇಟ್ಟಿಗೆಯ ಮೇಲೆ ಮೂರು ಕಡೆ ಬಾಟಲಿಯ ಗಾಜು ಕರಗಿ ಅಂಟಿದಂತೆ ಹೊಳಪು ಕಾಣಿಸಿತು, ಒಂದೊಂದೂ ಬೆರಳಗಲ. ಅವರು ತಮ್ಮ ಮೂರು ಬೆರಳನ್ನು ಅದರ ಪಕ್ಕ ಇಟ್ಟು ನೋಡಿದರು. ಸರಿಯಾಗಿ ಕೂತಿತು. ಹೊರಗೆ ನಿಂತವರಿಗೆ ಇದೇನೂ ಕಾಣುವಂತಿರಲಿಲ್ಲ. ತಂತಿ ಕಳಪೆಯದು ಎಂದು ಹೇಳಿ ತಲೆ ಹೊರಗೆ ತೆಗೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ತಲೆಯಿಟ್ಟು ಅವರು ಎಷ್ಟೋ ಹೊತ್ತು ಹಾಗೆಯೇ ಇದ್ದರು. ದಾವಲಸಾಬರಿಗೆ ಗಾಬರಿಯಾಗಿ, ಆರಾಮ ಇದ್ದೀರೇನು ಎಂದು ವಿಚಾರಿಸಿದರು.

ತಲೆ ಹೊರಗೆ ತೆಗೆದಾಗ ಅವರ ಹಣೆಯ ವಿಭೂತಿಯ ಮೇಲೆಲ್ಲ ಇಟ್ಟಿಗೆಯ ಪುಡಿ ಮೆತ್ತಿತ್ತು. ಸೊಸೆ, ಬೀಗ, ಗಿರಾಕಿ, ಕೆಲಸದವರು, ಎಲ್ಲರ ಎದುರಿಗೇ ಹೇಳಿದರು.

"ದಾಕ್ಷಾ, ನಿನ್ನ ಸುರುಳಿ ಎಲ್ಲಿಯೂ ತಪ್ಪಿಲ್ಲವ್ವಾ. ಇದು ನನ್ನ ಮೂರು ಬೆರಳಿನ ಕೆಲಸ. ಬೆವರು ತಾಗಸಬ್ಯಾಡ ಅಂತ ನಿನಗ ಹೇಳಿದಾಂವ ನಾನ, ಒಳಗ ಭಸ್ಮ ಹಚ್ಚಿದಾಂವನೂ ನಾನ."

ಯಾಕೆ ಹಚ್ಚಿದಿರಿ ಎಂದು ಅವಳು ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ನಿನ್ನ ಮೊದಲನೇ ಕೆಲಸ. ಚಂದ ಆಗಿತ್ತು. ಯಾರ ಕಣ್ಣೂ ಬೀಳಬಾರದು ಅನ್ನಿಸ್ತು." ಆ ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಪ್ರೀತಿನ ನಿನ್ನ ಕೆಲಸ ಸುಟ್ಟಬಿಡ್ತು, ನೋಡು."

ದಾಕ್ಷಾಯಣಿ ಅತ್ತಳು, ಅಳುತ್ತಲೇ ನಕ್ಕಳು. ಗಂಡ ಸತ್ತ ಮೇಲೆ ಅವಳು ಅಷ್ಟು ಬಾಯ್ತುಂಬ ನಕ್ಕದ್ದು ಅದೇ ಮೊದಲು ಎಂದು ರೇವಣಯ್ಯ ಆಮೇಲೆ ದಾವಲಸಾಬರ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಅಣ್ಣನ ಕಡೆ ತಿರುಗಿದಳು. ಪಂಚಮಿಗೆ ಬಂದೇ ಬರುತ್ತೇನೆ, ಅತ್ತಿಗೆಯ ಕೈಯ ಉಂಡಿ ತಿಂದು ಮಾರನೆಯ ದಿನ ಹೊರಟುಬಿಡುತ್ತೇನೆ, ಇಲ್ಲಿ ಕೆಲಸ ನಿಂತಿದೆ ಎಂದಳು. ರೇವಣಯ್ಯನ ಮುಖ ಸಪ್ಪಗಾಯಿತು. ಆದರೂ ಸೀರೆಯ ಗಂಟನ್ನು ತಾನೇ ಎತ್ತಿಕೊಂಡು, ಬೆಳಗಾವಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.

ಹಬ್ಬ ಮುಗಿಸಿ ಹುಬ್ಬಳ್ಳಿಗೆ ಬಂದವಳು ನನಗೆ ಹೊಸ ಸುರುಳಿ ಸುತ್ತಿದಳು. ಹೊಳಪು ಅಂಟಿದ ಇಟ್ಟಿಗೆಗಳನ್ನೂ ಕಿತ್ತು ಬದಲಿಸಿದಳು. ಮೊದಲ ಕಾವಿನ ದಿನ ಅಯ್ಯನವರು ರೂಢಿಯಂತೆ ವಿಭೂತಿ ಗಟ್ಟಿಗೆ ಕೈ ಹಾಕಿದರು. ಆ ಕೈ ನನ್ನ ಬಾಗಿಲಿನ ತನಕ ಬಂದು ನಡುವೆಯೇ ನಿಂತಿತು. ಒಂದು ಗಳಿಗೆ ಯೋಚಿಸಿ, ಆ ಮೂರು ಬೆರಳನ್ನು ಸೊಸೆಯ ಹಣೆಗೆ ಎಳೆದರು. ಇನ್ನು ಸುಡುವ ಭಯವಿಲ್ಲ ಎಂದರು. ದಾವಲಸಾಬರು ಬಾಯಿಗೆ ಟವೆಲು ಹಿಡಿದು ಆಚೆ ಹೋದರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಕಾಣಿಸಲಿಲ್ಲ.

ಆ ಸುರುಳಿಯ ಮೇಲೆ ನಾನು ಹುಬ್ಬಳ್ಳಿಯಲ್ಲಿ ಒಂದು ಪೂರ್ತಿ ಪ್ರಾಯ ಕಳೆದೆ. ಎಷ್ಟು ಅಲಗು ಕಾಯಿಸಿದೆನೋ, ಯಾವ ಯಾವ ಊರಿನ ಎಮ್ಮೆಗಳು ನನ್ನ ದಯದಿಂದ ಸಣ್ಣ ಮೇವು ತಿಂದವೋ, ಶಿವನೇ ಬಲ್ಲ. ಆಮೇಲೆ ನನ್ನ ತಗಡಿಗೆ ತುಕ್ಕು ಹತ್ತಿತು, ಬಾಗಿಲು ಜೋತುಬಿತ್ತು, ಒಳಗಿನ ಇಟ್ಟಿಗೆ ಉದುರತೊಡಗಿತು. ದಾವಲಸಾಬರ ಮಗ ದೊಡ್ಡ ಕುಲುಮೆ ತರಿಸಿಕೊಂಡ. ಗುಜರಿಯವನು ಬಂದು ನನ್ನ ಮೈ ತಟ್ಟಿ ನೋಡಿದ್ದೂ ಆಯಿತು. ದಾವಲಸಾಬರಿಗೆ ಮನಸ್ಸು ಬರಲಿಲ್ಲ. ಟೆಂಪೋ ಮಾಡಿಸಿ ನನ್ನನ್ನು ಬೆಳಗಾವಿಗೆ, ಹುಟ್ಟಿದ ಶೆಡ್ಡಿಗೇ ಕಳಿಸಿಕೊಟ್ಟರು.

ಈಗ ನಾನು ಅಲ್ಲಿಯ ಮೂಲೆಯಲ್ಲಿ ಇದ್ದೇನೆ. ಹೊಸ ಕುಲುಮೆಗಳಿಗೆ ಹಚ್ಚುವ ಇಟ್ಟಿಗೆಗಳನ್ನು ಹದವಾಗಿ ಬೆಚ್ಚಗಿಡುವುದು ನನ್ನ ಕೆಲಸ, ಬಾಣಂತಿಯ ಕೋಣೆ ಕಾಯುವ ಮುದುಕಿಯ ಕೆಲಸದಂತೆ. ದಾಕ್ಷಾಯಣಿಯ ಕೂದಲು ನೆರೆತಿದೆ. ಇಬ್ಬರು ಹೆಣ್ಣುಮಕ್ಕಳು ಅವಳ ಹತ್ತಿರ ಸುರುಳಿ ಸುತ್ತಲು ಕಲಿಯುತ್ತಿದ್ದಾರೆ. ಸುಖವಾಗಿದ್ದೇನೆ ಎಂದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಾನು ಮರಳಿ ಬಂದ ವರ್ಷ ನಡೆದದ್ದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಈ ಮೂಲೆಯ ಕೆಲಸಕ್ಕೆಂದು ದಾಕ್ಷಾಯಣಿ ನನ್ನೊಳಗೆ ಪೂರ್ತಿ ಹೊಸ ಇಟ್ಟಿಗೆ ಕಟ್ಟಿದ್ದಳು. ಹಸಿ ಇಟ್ಟಿಗೆಯನ್ನು ಹಗಲೂ ರಾತ್ರಿ ಸಣ್ಣ ಕಾವಿನಲ್ಲಿ ಒಣಗಿಸಬೇಕು, ನಡುವೆ ಆರಿಸಿದರೆ ಬಿರಿಯುತ್ತದೆ, ಇದು ಅಯ್ಯನವರ ಶಾಸ್ತ್ರ. ಆಗ ಅಯ್ಯನವರಿಗೆ ಎದ್ದು ನಡೆಯುವುದೂ ಕಷ್ಟವಾಗಿತ್ತು. ಹಟ ಹಿಡಿದು, ಸೊಸೆಯ ಹೆಗಲು ಹಿಡಿದು ಶೆಡ್ಡಿಗೆ ಬಂದು ಗುಂಡಿ ಒತ್ತಿದವರು ಅವರೇ. ಮಾರನೆಯ ದಿನ ಬೆಳಿಗ್ಗೆ ಪೂಜೆಗೆ ಕೂತವರು ಕೂತಲ್ಲೇ ಲಿಂಗೈಕ್ಯರಾದರು.

ಬಂಧುಬಳಗವೆಲ್ಲ ಬಂತು. ಹೆಣ ಮನೆಯಲ್ಲಿರುವಾಗ ಒಲೆ ಹೊತ್ತಿಸುವುದಿಲ್ಲವಲ್ಲ, ಹಿಂಬಾಗಿಲಿನಿಂದ ನನ್ನ ಬಿಸಿ ಹಾಯ್ದದ್ದು ಅವರ ಗಮನಕ್ಕೆ ಬಂತು. ಅಯ್ಯನವರ ದೊಡ್ಡಪ್ಪನ ಮಗ, ಮನೆತನಕ್ಕೆ ಹಿರಿಯರು, ಮೊದಲು ಆ ಬೆಂಕಿ ಆರಿಸಿ ಎಂದರು. ಹೆಂಗಸರು ಮೂಗು ಮುರಿದರು. ಯಾರೋ ಒಬ್ಬ ನನ್ನ ಗುಂಡಿಗೆ ಕೈಯನ್ನೂ ಹಾಕಿದ. ದಾಕ್ಷಾಯಣಿ ಮಾವನ ಕಾಲ ಹತ್ತಿರ ಕೂತಿದ್ದವಳು ಎದ್ದು ಬಂದು ನನಗೆ ಅಡ್ಡ ನಿಂತಳು.

"ಇದನ್ನ ಚಾಲೂ ಮಾಡಿದಾರು ಮಾವಾರು. ನಾ ಬಂದ್ ಮಾಡಂಗಿಲ್ಲ," ಎಂದಳು.

ಮನೆ ತುಂಬ ಗುಜುಗುಜು ಶುರುವಾಯಿತು. ಸೊಸೆಯಾದವಳಿಗೆ ಇಷ್ಟು ಸೊಕ್ಕೇ ಎನ್ನುವ ತನಕ ಮಾತು ಬೆಳೆಯಿತು. ಗೋಕಾಕದಿಂದ ಬಂದ ರೇವಣಯ್ಯ ಬಾಗಿಲಲ್ಲಿ ಕೋಲು ಊರಿ ನಿಂತಿದ್ದ. ಅವನಿಗೂ ವಯಸ್ಸಾಗಿತ್ತು.

"ಇರಲಿ ಬಿಡ್ರಿ," ಎಂದ. "ಆಕಿ ಮನಿ ಐತಿ. ಆಕಿ ಹೇಳಿದಂಗ ಆಗಲಿ."

ಗುಂಡಿಗೆ ಕೈ ಹಾಕಿದವನು ಹಿಂದೆ ಸರಿದ. ದಾಕ್ಷಾಯಣಿ ಅಣ್ಣನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ ತಾಪದ ಮುಳ್ಳು ನೋಡಿ, ಕಾವನ್ನು ಒಂದು ಗೀಟು ಏರಿಸಿ, ಮಾವನ ಕಾಲ ಹತ್ತಿರ ಹೋಗಿ ಕೂತಳು. ಸಂಜೆ ಎಲ್ಲರೂ ಅಯ್ಯನವರಿಗೆ ಮಣ್ಣು ಕೊಟ್ಟು ಬಂದರು. ಅವಳು ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬಂದು ನನ್ನ ಬಾಗಿಲು ತೆರೆದಳು. ಇಟ್ಟಿಗೆ ಇಟ್ಟಿಗೆಗೂ ಬೆಳಕು ಹಿಡಿದು ನೋಡಿದಳು. ಎಲ್ಲಿಯೂ ಒಂದು ಬಿರುಕು ಇರಲಿಲ್ಲ.