ಬಂಡೆಪ್ಪನ ಹೆಸರು

ಎಂಬತ್ನಾಲ್ಕರ ಮಳೆಗಾಲದಲ್ಲಿ ನನ್ನ ಒಬ್ಬನೇ ಮಗ ಜ್ವರ ಬಂದು ತೀರಿಕೊಂಡ. ಆಮೇಲೆ ಸೊಸೆ ದುರಗವ್ವ ಊಟವನ್ನೂ ಮಾತನ್ನೂ ಬಿಟ್ಟಳು. ಒಲೆಯ ಮುಂದೆ ಕೂತರೆ ರೊಟ್ಟಿ ಸೀದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮಗ ಹೋದ, ಇವಳೂ ಹೋದರೆ ನಾನು ಯಾರ ಮುಖ ನೋಡಿ ಬದುಕಲಿ? ಮರೋಳದಿಂದ ಹುನಗುಂದಕ್ಕೆ, ಅಲ್ಲಿ ಬಸ್ಸು ಬದಲಿಸಿ ಬಾಗಲಕೋಟೆಗೆ ಕರೆದೊಯ್ದೆ.

ಮನಸ್ಸಿನ ಬೇನೆ ನೋಡುವ ಜುಲೇಖಾ ಡಾಕ್ಟರಬಾಯಿ ಸೂಜಿ ಚುಚ್ಚಲಿಲ್ಲ, ಗುಳಿಗೆ ಬರೆಯಲಿಲ್ಲ. ವಾರಕ್ಕೊಮ್ಮೆ ಬಂದು ಮಾತಾಡಬೇಕಂತೆ. ನನಗೆ ಸಿಟ್ಟು ನೆತ್ತಿಗೇರಿತು.

"ಮಾತಾಡಾಕ ಬಾಗಲಕೋಟಿಗೆ ಯಾಕ ಬರಬೇಕ್ರಿ? ಮನ್ಯಾಗ ನಾ ಇಲ್ಲೇನು?"

ಡಾಕ್ಟರಬಾಯಿ ನಕ್ಕರು. "ಸಾವಂತ್ರವ್ವಾರ, ತಲಿಯೊಳಗ ಒಂದು ನರದಿಂದ ಇನ್ನೊಂದಕ್ಕ ಸುದ್ದಿ ಒಯ್ಯೂ ರಸ ಇರ್ತಾವ. ದುಃಖ ಭಾಳ ದಿನ ಕುಂತ್ರ ಅವುಗಳ ಹದ ಕೆಡ್ತದ. ಗುಳಿಗಿ ಆ ಹದಾ ತಿದ್ದತಾವ. ಮನಸು ಬಿಚ್ಚಿ ಮಾತಾಡಿದ್ರೂ ತಿದ್ದತದ ಅಂತ ನನಗನಸ್ತದ."

"ಹಂಗಿದ್ರ ದಿನಾ ಪೂರ್ತಿ ಮಾತಾಡೂ ನನ್ನ ತಲಿಯಾಗ ಆ ರಸದ ಕೃಷ್ಣಾ ಹೊಳಿನ ಹರೀತಿರಬೇಕು," ಎಂದೆ.

ಆಗ ದುರಗವ್ವ ತಲೆಯೆತ್ತಿದಳು. "ಆ ರಸ ಬದಲಾದ್ರ ಅವರೂ ನನ್ನ ತಲಿಯೊಳಗಿಂದ ಹೋಗಿಬಿಡ್ತಾರೇನ್ರಿ?"

ಎಷ್ಟೋ ದಿನಗಳ ಮೇಲೆ ಅವಳಾಡಿದ ಮೊದಲ ಮಾತು ಅದು.

"ಇಲ್ಲವ್ವ. ಭಾರ ಇಳೀತದ, ಅವರು ಇರ್ತಾರ. ಅವರ ಹೆಸರೇನು?"

ಅವಳ ತುಟಿ ಅಲುಗಿತು, ಹೆಸರು ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದು ಮದುವೆಯಲ್ಲಿ, ಬಸುರಿಯ ಕುಬುಸದಲ್ಲಿ, ಪ್ರಾಸದ ಒಡಪು ಕಟ್ಟಿ ಮಾತ್ರ. ಗಂಡ ಸತ್ತವಳಿಗೆ ಒಡಪು ಹೇಳೆಂದು ಯಾರೂ ಕೇಳುವುದಿಲ್ಲ. ಅವಳು ಅತ್ತಾಳೆಂದು ನಾನೂ ಮನೆಯಲ್ಲಿ ಆ ಹೆಸರು ಎತ್ತದೆ, ಎಮ್ಮೆ, ಮಳೆ, ನೆರೆಮನೆ ಎಂದು ದಿನವಿಡೀ ಹರಟುತ್ತಿದ್ದೆ. "ನಾ ಹೇಳ್ತೇನ್ರಿ," ಎಂದು ಬಾಯಿ ತೆರೆದರೆ ಡಾಕ್ಟರಬಾಯಿ ಬೇಡವೆಂದು ಕೈಯೆತ್ತಿದರು.

ಸೊಸೆ ಬಾಯಿ ಬಿಟ್ಟಿದ್ದು ಕಂಡು ವಾರವಾರವೂ ಕರೆದೊಯ್ದೆ. ಅವನ ನಗು, ಅವನ ಸಿಟ್ಟು, ಸಂತೆಯಿಂದ ಅವನು ತರುತ್ತಿದ್ದ ಮಿರ್ಚಿ ಭಜಿ, ಎಲ್ಲವನ್ನೂ ದುರಗವ್ವ ಅಲ್ಲಿ ಹೇಳಿದಳು, ಹೆಸರೊಂದನ್ನು ಬಿಟ್ಟು. ಮನೆಯಲ್ಲಿ ಅರ್ಧ ರೊಟ್ಟಿ ತಿನ್ನತೊಡಗಿದಳು. ಒಂದು ದಿನ ಡಾಕ್ಟರಬಾಯಿ, "ಒಡಪಿನ್ಯಾಗ ಹೆಸರು ಹೇಳ್ತೀರಲ್ಲ, ನನಗೊಂದು ಕೇಳಸವ್ವ," ಎಂದರು.

ಸೊಸೆ ಸೆರಗು ಸರಿಮಾಡಿಕೊಂಡು ಮದುಮಗಳಂತೆ ತಲೆ ತಗ್ಗಿಸಿದಳು.

"ಹುನಗುಂದದ ಬಸ್ಸ ಹತ್ತೇನಿ ಅಳಕೋತ,
ಬಂಡೆಪ್ಪರ ಹೆಸರ ಹೇಳ್ತೇನಿ ನೆನಕೋತ."

ನನ್ನ ಮಗನ ಹೆಸರು. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಲು ಅಷ್ಟು ಹಸಿದಿದ್ದೆನೆಂದು ನನಗೇ ಗೊತ್ತಿರಲಿಲ್ಲ.

"ಇನ್ನೊಮ್ಮಿ ಹೇಳವ್ವ," ಎಂದೆ. ಹೇಳಿದಳು.

ಡಾಕ್ಟರಬಾಯಿ ತಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಈಗ ನೀವು ಮಾತಾಡ್ರಿ, ಸಾವಂತ್ರವ್ವಾರ."

ತಲೆಯಲ್ಲಿ ಹೊಳೆ ಹರಿಯುತ್ತದೆಂದು ಜಂಬ ಕೊಚ್ಚಿದ ನನ್ನ ಬಾಯಲ್ಲಿ, ಬಂಡೆಪ್ಪ, ಬಂಡೆಪ್ಪ ಎಂಬುದಲ್ಲದೆ ಬೇರೇನೂ ಬರಲಿಲ್ಲ.