ಟೈಟಾನಿಕ್‌ನಲ್ಲಿ ಬಾಳೆಲೆ ಊಟ

“ಏಯ್ ಬೇವರ್ಸಿ, ಸಾಯುವವ ಹಲ್ಲು ಕಿರಿಯುವುದುಂಟಾ? ಮುಖ ಸಣ್ಣ ಮಾಡು ಮಾರಾಯ!”

ಬೈದವರು ರಘುನಾಥ ರಾಯರು, ಬೈಸಿಕೊಂಡವನು ಭೀಮಣ್ಣ. ರಾಯರಿಗೆ ಕೆನಡಾದ ಮಿಸ್ಸಿಸಾಗಾದಲ್ಲಿ ಮೂರು ಹೋಟೆಲು. ಒಂದರಲ್ಲಿ ಕಲಬುರಗಿಯ ಭೀಮಣ್ಣ ಅಡುಗೆ ಮಾಡುತ್ತಾನೆ. ದೀಕ್ಷಿತಾ ಎಂಬ ನಾನು ಕಾಲೇಜು ಮುಗಿಸಿ ಬಂದು ತಟ್ಟೆ ಎತ್ತುತ್ತೇನೆ. ಆ ಭಾನುವಾರ ರಾಯರಿಗೆ ಅರವತ್ತು ತುಂಬಿತ್ತು. ಉಡುಪಿಯಲ್ಲಾಗಿದ್ದರೆ ಶಾಂತಿ ಹೋಮ ಮಾಡಿಸಿ ಸುಮ್ಮನಾಗುತ್ತಿದ್ದರೋ ಏನೋ. ಇಲ್ಲಿ ಪೋರ್ಟ್ ಕ್ರೆಡಿಟ್ ಬಂದರಿನಿಂದ ಒಂದು ದೊಡ್ಡ ದೋಣಿ ಬಾಡಿಗೆಗೆ ಹಿಡಿದು, ಅದಕ್ಕೆ ಟೈಟಾನಿಕ್ ಎಂದು ಬೋರ್ಡು ಹಾಕಿಸಿದರು. ಮುಳುಗಿದ ಹಡಗಿನ ಹೆಸರಲ್ಲಿ ಷಷ್ಟ್ಯಬ್ದಿ ಮಾಡಿಕೊಳ್ಳುವ ಧೈರ್ಯ ದುಡ್ಡಿದ್ದವರಿಗೆ ಮಾತ್ರ ಬರುತ್ತದೆ.

ಮೇಲಿನ ಡೆಕ್ಕು ಫಸ್ಟ್ ಕ್ಲಾಸು. ಕೋಟು, ಗೌನು, ಪಿಟೀಲು, ಮಾಲ್ಟನ್‌ನ ಇಂಡಿಯನ್ ಅಂಗಡಿಯಿಂದ ತರಿಸಿದ ಬಾಳೆಲೆ. ಕೆಳಗಿನದು ಥರ್ಡ್ ಕ್ಲಾಸು, ಅಂದರೆ ಹೋಟೆಲಿನ ಕೆಲಸದವರಾದ ನಾವು. ನಸುಕಿನಿಂದ ಹೋಳಿಗೆ ತಟ್ಟಿದ ನಮಗೇ ಹರಕು ಕೋಟು ತೊಡಿಸಿ, ಮುಖಕ್ಕೆ ಕಾವಲಿಯ ಮಸಿ ಬಳಿದು, ಜಾಲರಿ ಬಾಗಿಲ ಹಿಂದೆ ನಿಲ್ಲಿಸಿದ್ದರು. ಹೊಟ್ಟೆಗೆ ಗಂಜಿ. ಅಸಲಿ ಹಡಗಿನಲ್ಲೂ ಮೂರನೇ ದರ್ಜೆಯವರಿಗೆ ಗಂಜಿ ಕೊಡುತ್ತಿದ್ದರಂತೆ, ಇತಿಹಾಸಕ್ಕೆ ಅಪಚಾರವಾಗಬಾರದಲ್ಲ!

“ನಾನು ಸೀಟಿ ಊದಿದ ಕೂಡ್ಲೆ ಮೇಲೆ ಓಡಿ ಬನ್ನಿ. ಟೇಬಲ್‌ಗಳ ನಡುವೆ ಬಿದ್ದು ಒದ್ದಾಡಿ ಸಾಯ್ಬೇಕು. ಗೆಸ್ಟ್‌ಗಳು ಊಟ ಮಾಡ್ತಾ ನೋಡ್ತಾರೆ. ಭೀಮ, ನೀನು ನನ್ನ ಕಾಲ ಬುಡದಲ್ಲೇ ಸಾಯುವುದು. ಗೊತ್ತಾಯ್ತಾ?”

“ಒಲ್ಲೆ ಅಂದ್ರ?”

“ಒಲ್ಲೆ ಅಂದ್ರೆ ಕಲಬುರ್ಗಿಗೆ ಟಿಕೆಟ್ ತೆಗಿ.”

ಭೀಮಣ್ಣನ ಕೆಲಸದ ಪರ್ಮಿಟ್ಟು ರಾಯರ ಹೋಟೆಲಿಗೇ ಕಟ್ಟಿದ್ದು. ಅವರು ಕೈಬಿಟ್ಟರೆ ಈ ದೇಶದಲ್ಲಿ ಅವನು ಬೇರೆಯವರ ಒಲೆ ಹಚ್ಚುವ ಹಾಗಿಲ್ಲ. ಇದನ್ನು ರಾಯರು ಹಬ್ಬ ಹುಣ್ಣಿಮೆಗೆ ತಪ್ಪದೆ ನೆನಪಿಸುತ್ತಾರೆ.

ಊಟಕ್ಕೆ ಮುಂಚೆ ಅತಿಥಿಗಳು ನಮ್ಮನ್ನು ನೋಡಲು ಇಳಿದು ಬಂದರು. ಮುಂದೆ ಥಾರ್ನ್‌ಹಿಲ್‌ನ ಆಶಾಲತಾ ಮೇಡಂ, ಮನೆ ಮಾರಿಸುವ ಏಜೆಂಟು. ಫೋನು ಎತ್ತಿ ಹಿಡಿದು ಫೇಸ್‌ಬುಕ್ಕಿನಲ್ಲಿ ಲೈವ್ ಬಿಟ್ಟಿದ್ದರು.

“ಓ ಮೈ ಗಾಡ್, ಸೋ ರಿಯಲ್! ಕೈ ಹೊರಗೆ ಚಾಚಿ ಅಂಕಲ್. ಹಸಿವು ಇನ್ನೊಂಚೂರು ಜಾಸ್ತಿ ತೋರ್ಸಿ, ಪ್ಲೀಸ್.”

ಕೈಯಲ್ಲಿದ್ದ ಬನ್ನು ಎಸೆದರು. ಅದು ಭೀಮಣ್ಣನ ಎದೆಗೆ ಬಡಿದು ನೆಲಕ್ಕೆ ಬಿತ್ತು.

“ಎತ್ಕೊಂಡು ತಿನ್ನಿ. ಒಂದೇ ಟೇಕು!”

ರಾಯರು ಹಿಂದಿನಿಂದ ಕಣ್ಣು ಬಿಟ್ಟರು. ಭೀಮಣ್ಣ ಎತ್ತಿಕೊಂಡು ತಿಂದ. ಮೇಡಂ “ಸೂಪರ್ ಆ್ಯಕ್ಟಿಂಗ್” ಅಂದರು. ನನಗೆ ಸಿಟ್ಟಿಗೆ ಅಳು ಬಂತು.

ಅವರು ಮೇಲೆ ಹೋದದ್ದೇ ತಡ, ಭೀಮಣ್ಣನ ಫೋನು ಬಡಿದುಕೊಂಡಿತು. ಊರಿನಿಂದ ಹೆಂಡತಿ; ಆ ಲೈವ್ ಅವಳವರೆಗೂ ಮುಟ್ಟಿತ್ತು. ಅವಳ ದನಿ ನಮಗೆಲ್ಲ ಕೇಳುತ್ತಿತ್ತು.

“ಏನ್ರೀ, ನೆಲದಾಗಿಂದು ಆರಿಸಿ ತಿನ್ಲಾಕ ಕೆನಡಾಕ್ಕ ಹೋಗಿರೇನು? ಕೂಸು ನೋಡಿ ಅಳ್ಲಾಕತ್ತಾದ.”

“ಏ, ನಾಟಕ ಅದು. ಖರೇ ಅಲ್ಲ.”

“ಹಸಿವಿ ಖರೇ ಇತ್ತಲ್ರೀ. ನಿಮ್ಮ ಮಾರಿ ನನಗ ಗೊತ್ತಾಗಲ್ಲೇನು?”

ಭೀಮಣ್ಣ ಫೋನು ಜೇಬಿಗೆ ಹಾಕಿದ. ಅದೇ ಮಸಿ ಮುಖದಲ್ಲಿ ನಾವು ಮೇಲೆ ಹೋಗಿ ಎಲೆಗಳಿಗೆ ಬಡಿಸಿ ಬಂದು, ಮತ್ತೆ ಜಾಲರಿಯ ಹಿಂದೆ ನಿಂತೆವು.

ರಾಯರು ಸೀಟಿ ಊದಿದರು. ಓಡಿ ಹೋಗಿ ಬಿದ್ದೆವು. ನಾನು ಯಾರದೋ ಬೂಟಿನ ಪಕ್ಕದಲ್ಲಿ ಸತ್ತೆ. ತಲೆಯ ಮೇಲೆ ಹಪ್ಪಳದ ಪುಡಿ ಉದುರಿತು. ರಾಯರು ಕ್ಯಾಪ್ಟನ್ ಟೋಪಿ ಹಾಕಿಕೊಂಡು ನಡುವೆ ನಿಂತು ಕೈ ಬೀಸುತ್ತಿದ್ದರು. ಅವರ ಎಲೆಗೆ ಬಡಿಸಿ ಆಗಿತ್ತು, ಕುರ್ಚಿ ಖಾಲಿ ಇತ್ತು.

ಭೀಮಣ್ಣ ಸಾಯಲಿಲ್ಲ. ನೆಟ್ಟಗೆ ಹೋಗಿ ಆ ಕುರ್ಚಿಯಲ್ಲಿ ಕೂತು, ಅನ್ನಕ್ಕೆ ತೊವ್ವೆ ಕಲಸಿ ಬಾಯಿಗಿಟ್ಟ.

“ಏಳೋ ಸೂಳೆಮಗನೇ!” ರಾಯರು ಕಾಲರಿಗೆ ಕೈ ಹಾಕಿದರು.

“ರಘೂ, ಕೈ ತೆಗಿ!” ಕಿರುಚಿದವರು ಪಕ್ಕದ ಎಲೆಗೆ ಕೂತಿದ್ದ ಅವರ ಅಮ್ಮ, ಶಾರದಮ್ಮ. “ಎಲೆ ಎದುರು ಕೂತವನನ್ನು ಎಬ್ಬಿಸಿದ್ರೆ ಹೋಟ್ಲಿಗೆ ದರಿದ್ರ ಹಿಡೀತದೆ. ತಿಂದು ಏಳ್ಲಿ. ಮತ್ತೆ ಎಂತ ಬೇಕಾದ್ರೂ ಮಾಡು.”

ಅಜ್ಜಿಗೆ ಕರುಣೆ ಉಕ್ಕಿತು ಎಂದುಕೊಳ್ಳಬೇಡಿ. ಅವರ ಚಿಂತೆ ಮೂರು ಗಲ್ಲಾಪೆಟ್ಟಿಗೆಯದು. ಅಂತೂ ರಾಯರ ಕೈ ಕಾಲರಿನಿಂದ ಇಳಿಯಿತು.

“ತಿನ್ನು. ಎದ್ದ ಕೂಡ್ಲೆ ನಿನ್ನ ಕೆಲಸ ಹೋಯ್ತು.”

“ಹೌದ್ರಿ, ಎದ್ದ ಮ್ಯಾಲ.” ಭೀಮಣ್ಣ ಹೋಳಿಗೆ ಮುರಿದ. “ಈಗ ಹುಳಿ ಹಾಕ್ರಿ.”

ಆಶಾಲತಾ ಮೇಡಂ ವಿಡಿಯೋ ಮಾಡಲು ಎದ್ದಿದ್ದರು. ಎಲೆಗೆ ಇನ್ನೂ ಕೈ ಹಚ್ಚಿರಲಿಲ್ಲ. ನಾನು ಎದ್ದು ಅಲ್ಲಿ ಕೂತೆ. ಮೊದಲು ಪಾಯಸಕ್ಕೇ ಕೈ ಹಾಕಿದೆ, ಚೆನ್ನಾಗಿತ್ತು. ಉಳಿದ ಹೆಣಗಳೂ ಒಂದೊಂದಾಗಿ ಎದ್ದು, ಹೊಸ ಎಲೆ ಹಾಸಿಕೊಂಡು ನೆಲದ ಮೇಲೆ ಸಾಲಾಗಿ ಕೂತವು. ಬಡಿಸುವ ಕೈ ಒಂದೂ ಉಳಿದಿರಲಿಲ್ಲ.

“ಬಡಿಸೋ ರಘು, ಎಲೆ ಬರಿದಾಗ್ಬಾರ್ದು,” ಅಂದರು ಶಾರದಮ್ಮ.

ರಾಯರು ಟೋಪಿ ತೆಗೆದಿಟ್ಟು ಸೌಟು ಹಿಡಿದು ಬಗ್ಗಿದರು.

ದೋಣಿ ದಡ ಮುಟ್ಟಿತು. ಹಗ್ಗ ಕಟ್ಟಿದರು. ಅತಿಥಿಗಳೆಲ್ಲ ಇಳಿದು ಹೋದರು, ರಾಯರು ಸೌಟು ಹಿಡಿದೇ ನಿಂತಿದ್ದರು. ಭೀಮಣ್ಣನ ಕೈ ಒಣಗಿತ್ತು, ಹೊಟ್ಟೆ ಬಿರಿಯುತ್ತಿತ್ತು. ಅವನು ಏಳಲಿಲ್ಲ.

“ಇನ್ನಾ ಸ್ವಲ್ಪ ಅನ್ನ ಹಾಕ್ರಿ,” ಅಂದ.