ಬಾವಿಗೆ ಒಂದೇ ಸ್ಟಾರು

"ಮಾಫಿ ಮಾಡ್ರಿ ಅಂತ ನಾಕ್ ಅಕ್ಷರ ಬರದ್ರ ನಿನ್ನ ಗಂಟೇನ್ ಹೋಗ್ತೈತಿ?" ಎಂದು ಸಿದ್ದೇಶ್ವರ ಮೊಬೈಲನ್ನು ಹೆಂಡತಿಯ ಮುಖದ ಮುಂದೆ ಹಿಡಿದ. ಟೆಂಟಿನ ಗೂಟಕ್ಕೆ ಹಗ್ಗ ಬಿಗಿಯುತ್ತಿದ್ದ ನಂದಾ ತಲೆ ಎತ್ತಲಿಲ್ಲ.

ಕರಜಗಿಯ ಹೊರಗೆ, ಅವರ ಜೋಳದ ಹೊಲದ ಬದುವಿಗೆ ಹತ್ತಿ ಮೂರು ಟೆಂಟುಗಳಿದ್ದವು. ಅಕ್ಕಲಕೋಟೆಗೆ ದರ್ಶನಕ್ಕೆ ಬರುವ ಪೇಟೆಯ ಮಂದಿ ಒಂದು ರಾತ್ರಿ ಇಲ್ಲಿ ಉಳಿಯಲಿ, ಎಳೆ ತೆನೆ ಸುಟ್ಟು ಉದುರಿಸಿದ ಸೀತನಿ ತಿನ್ನಲಿ ಎಂಬುದು ನಂದಾಳ ಯೋಚನೆ. ಮಾವ ಶಾಂತಲಿಂಗಪ್ಪನವರಿಗೆ ಇದೆಲ್ಲ ಹುಚ್ಚಾಟ. ಸಂಕ್ರಾಂತಿಯೊಳಗೆ ಜನ ಬರದಿದ್ದರೆ ಟೆಂಟು ಕಿತ್ತು ಆ ಜಾಗಕ್ಕೂ ಕಬ್ಬು ಹಚ್ಚುವುದೇ ಎಂದು ಖಡಾಖಂಡಿತವಾಗಿ ಹೇಳಿದ್ದರು. ಸಂಕ್ರಾಂತಿಗೆ ಇನ್ನು ಹತ್ತು ದಿನ. ಈವರೆಗೆ ಬಂದದ್ದು ಒಂದೇ ತಂಡ, ಅದೂ ಬರಬಾರದಿತ್ತು ಎನ್ನುವಂಥದ್ದು.

ಸೊಲ್ಲಾಪುರದ ಮಂದಾರ ಮತ್ತು ಅವನ ಮೂವರು ಗೆಳೆಯರು ಬಂದ ಮಧ್ಯಾಹ್ನವೇ ಅಂಗಿ ಕಳಚಿ ಬಾವಿಗೆ ಹಾರಲು ನಿಂತಿದ್ದರು. ಅರವತ್ತು ಅಡಿಯ ಬಾವಿ, ಕೆಳಗಿನ ಮೆಟ್ಟಿಲೆಲ್ಲ ಕುಸಿದಿವೆ, ಹಾರಿದವರು ಹತ್ತಿ ಬರುವುದು ಹೇಗೆ ಎಂದು ನಂದಾ ಕೇಳಿದಳು. ಅವರು ನಕ್ಕರು. ನಂದಾಳಿಗೆ ಸಿಟ್ಟು ನೆತ್ತಿಗೇರಿತು. ಹೋಗಿ ಬಾವಿಯ ದಂಡೆಯ ಮೇಲೆ ಕಾಲು ಚಾಚಿ ಕೂತವಳು ಹೊತ್ತು ಮುಳುಗುವವರೆಗೆ ಏಳಲಿಲ್ಲ. ಊರು ಮುಟ್ಟಿದ್ದೇ ತಡ, ಮಂದಾರ ಇಂಟರ್‌ನೆಟ್ಟಿನಲ್ಲಿ ಇವರ ಟೆಂಟಿಗೆ ಐದರಲ್ಲಿ ಒಂದೇ ಸ್ಟಾರು ಒತ್ತಿದ. ಬಾವಿ ಇದೆ, ಇಳಿಯಲು ಬಿಡುವುದಿಲ್ಲ, ಮನೆಯೊಡತಿ ಮಹಾ ಹಟಮಾರಿ ಎಂದು ಮರಾಠಿಯಲ್ಲಿ ಬರೆದ. ಅದರ ಕೆಳಗೇ ಮಾಫಿ ಕೇಳಿ ಬರೆದರೆ ಅಳಿಸುತ್ತೇನೆ ಎಂದು ನಿನ್ನೆ ಫೋನನ್ನೂ ಮಾಡಿದ್ದ.

ಸಿದ್ದೇಶ್ವರ ಸುಮ್ಮನೆ ಕೂರುವ ಆಸಾಮಿಯಲ್ಲ. ಬಂಧು ಬಳಗದ ಗ್ರೂಪಿನಲ್ಲಿ ಎಲ್ಲರೂ ಐದೈದು ಸ್ಟಾರು ಹಾಕಿ ಎಂದು ಸಾರಿದ. ಒಂದೇ ದಿನದಲ್ಲಿ ನಲವತ್ತು ಜನ ಹಾಕಿದರು. ಮೈಂದರ್ಗಿಯ ಅತ್ತೆ ಮದುವೆಗೆ ಬಂದವರ ಹಾಗೆ ಹಾರ್ದಿಕ ಶುಭಾಶಯ ಕೋರಿದರೆ, ನಂದೇಶ್ವರದ ಕಾಕಾ ರೂಢಿಬಲದಿಂದ ಭಾವಪೂರ್ಣ ಶ್ರದ್ಧಾಂಜಲಿ ಒತ್ತಿಬಿಟ್ಟಿದ್ದ. ನಲವತ್ತರಲ್ಲಿ ಮೂವತ್ತು ಜನರದು ಒಂದೇ ಅಡ್ಡಹೆಸರು. ಗಂಡ ಬೀಗುತ್ತಿದ್ದರೆ ನಂದಾಳಿಗೆ ನಾಚಿಕೆಯಿಂದ ಮೈ ಉರಿದಿತ್ತು.

ಈಗ ಅವನ ಕೈಯಲ್ಲೇ ಮೊಬೈಲು ರಿಂಗಾಯಿತು. ಸೊಲ್ಲಾಪುರದಿಂದ ದ್ವಾರಕಾ ಎಂಬವರು, ಆಫೀಸಿನಲ್ಲಿ ಕೆಲಸಕ್ಕಿರುವ ಹೆಣ್ಣುಮಗಳು. ರವಿವಾರ ಎರಡು ಟೆಂಟು ಬೇಕಾಗಿತ್ತು, ಮನೆಯೊಡತಿಯ ಜೊತೆ ಮಾತಾಡಬೇಕು ಎಂದರು. ಸಿದ್ದೇಶ್ವರ ಸ್ಪೀಕರ್ ಹಚ್ಚಿ, ಸಂಭಾಳಿಸು ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಹೊರಸಿನ ಮೇಲೆ ಒರಗಿದ್ದ ಶಾಂತಲಿಂಗಪ್ಪನವರು ಎದ್ದು ಕೂತರು.

"ನಲವತ್ತ್ ಮಂದಿ ಐದೈದು ಸ್ಟಾರ್ ಕೊಟ್ಟಾರ, ಒಬ್ಬಾಂವ ಒಂದ ಕೊಟ್ಟಾನ," ಎಂದರು ದ್ವಾರಕಾ. "ಯಾವುದು ಖರೆ ಅಂತ ನೀವ ಹೇಳ್ರಿ."

ನಂದಾ ಒಮ್ಮೆ ಗಂಡನನ್ನು ನೋಡಿದಳು, ಒಮ್ಮೆ ಮಾವನನ್ನು. ಈ ರವಿವಾರ ತಪ್ಪಿದರೆ ಸಂಕ್ರಾಂತಿಯೊಳಗೆ ಇನ್ನೊಂದು ಸಿಗುವುದಿಲ್ಲ ಎಂಬುದು ಆಕೆಗೂ ಗೊತ್ತಿತ್ತು.

"ನಲವತ್ತೂ ನಮ್ಮ ಬಳಗದವರು ಬರದದ್ದ್ರಿ. ಒಬ್ಬರೂ ಇಲ್ಲಿ ಬಂದಿಲ್ಲ," ಎಂದಳು. "ಬರದವರಾಗ ಇಲ್ಲಿ ಉಂಡು ಮಲಗಿ ಹೋದಾಂವ ಅವನೊಬ್ಬನ. ಅಂವ ಬರದದ್ದು ಖರೆ ಐತಿ. ಬಾವ್ಯಾಗ ಇಳಿಯಾಕ ಬಿಡಾಂಗಿಲ್ಲ. ನೀವು ಬಂದ್ರೂ ಬಿಡಾಂಗಿಲ್ಲ."

ಸಿದ್ದೇಶ್ವರ ಹಣೆ ಹಣೆ ಬಡಿದುಕೊಂಡ. ಈ ಗಿರಾಕಿಯೂ ಕೈ ಬಿಟ್ಟಂತೆಯೇ ಎಂದು ನಂದಾ ಮತ್ತೆ ಹಗ್ಗಕ್ಕೆ ಕೈ ಹಾಕಿದಳು.

"ನನ್ನ ಮಗಳು ಏಳ್ ವರ್ಷದಾಕಿ. ಒಂದ್ ಕಡೆ ನಿಂದ್ರಾಂಗಿಲ್ಲ," ಎಂದಿತು ಫೋನು. "ನಾಕ್ ಕಡೆ ಕೇಳೀನಿ, ಎಲ್ಲಾರೂ ಏನ್ ಬೇಕಾದ್ದು ಮಾಡ್ರಿ ಅಂದ್ರು. ನಾವು ನಿಮ್ಮಲ್ಲೇ ಬರ್ತೀವಿ."

ಮಾಫಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬಳಗದವರು ಹಾಕಿದ್ದನ್ನೆಲ್ಲ ಅವರಿಂದಲೇ ಅಳಿಸಬೇಕೆಂದು ನಂದಾ ಹಟ ಹಿಡಿದಳು. ಸಿದ್ದೇಶ್ವರ ಗೊಣಗುತ್ತಲೇ ಒಬ್ಬೊಬ್ಬರಿಗೆ ಫೋನು ಹಚ್ಚಿದ. ಶನಿವಾರ ಸಂಜೆಗೆ ಅಲ್ಲಿ ಉಳಿದದ್ದು ಮಂದಾರನದೊಂದೇ.

ರವಿವಾರ ಕಾರು ನಿಲ್ಲುವುದೇ ತಡ, ಜಿಗಿದಿಳಿದ ಏಳು ವರ್ಷದ ಕೇತಕಿ ಬಾವಿಯತ್ತ ಓಡಿದಳು. ಚೀರಿದ ದ್ವಾರಕಾ ಕಾರಿನಿಂದ ಇಳಿಯುವಷ್ಟರಲ್ಲಿ ನಂದಾ ಅಡ್ಡ ನಿಂತಾಗಿತ್ತು. ಹುಡುಗಿ ಅತ್ತಳು, ನೀರು ನೋಡಲೇಬೇಕೆಂದು ನೆಲಕ್ಕೆ ಕಾಲು ಒದ್ದಳು. ಶಾಂತಲಿಂಗಪ್ಪನವರು ಎದ್ದು ಬಂದರು. ಹೆಗಲ ಮೇಲಿನ ಟವೆಲ್ಲನ್ನು ದಂಡೆಯ ಕಲ್ಲಿನ ಮೇಲೆ ಹಾಸಿದರು.

ಕೇತಕಿ ಅದರ ಮೇಲೆ ಹೊಟ್ಟೆ ಊರಿ ಮಲಗಿ ಕೆಳಗೆ ಬಗ್ಗಿ ನೋಡಿದಳು. ಕೂಗು ಹಾಕಿ, ಮರಳಿ ಬಂದ ದನಿಗೆ ನಕ್ಕಳು. ಅವಳ ಫ್ರಾಕಿನ ಬೆನ್ನನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದು, ನಂದಾ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದಳು.